ಕಸದ ಗಾಡಿಯ ಪದ್ಧತಿ ಬದಲಾಗುತ್ತಿದೆಯಾ? ಸಭೆಗೆ ಹೋಗುವ ಮುಂಚೆ ಇಷ್ಟು ಮಾಡಿ

ಮಡಿಕೇರಿ ಇರಲಿ, ವಿರಾಜಪೇಟೆ ಇರಲಿ, ಕುಶಾಲನಗರ, ಸೋಮವಾರಪೇಟೆ ಯಾವುದೇ ಇರಲಿ, ಮನೆ ಕಸ ಎತ್ತುವ ಪದ್ಧತಿ ಬದಲಾಗುತ್ತದೆ ಅಂತ ಒಂದು ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಶುರು. ತೆರಿಗೆ ಕಟ್ಟುತ್ತೇವಲ್ಲ, ಮತ್ತೆ ಯಾಕೆ ದುಡ್ಡು ಅಂತ ಒಬ್ಬರು. ದಿನಾ ಗಾಡಿ ಬರದಿದ್ದರೆ ನಾತ ತಡೆಯೋದು ಹೇಗೆ ಅಂತ ಇನ್ನೊಬ್ಬರು. ಬೀದಿ ತೊಟ್ಟಿ ತೆಗೆದರೆ ಜನ ಚರಂಡಿಗೇ ಎಸೆಯುತ್ತಾರೆ ನೋಡಿ ಅಂತ ಮತ್ತೊಬ್ಬರು. ಎಲ್ಲರ ಮಾತಲ್ಲೂ ಹುರುಳಿದೆ. ಆದರೆ ನಗರಸಭೆಯೋ ಪಟ್ಟಣ ಪಂಚಾಯಿತಿಯೋ ಈ ವಿಷಯಕ್ಕೆ ಕರೆದ ಸಭೆಗೆ ಹೋಗಿ ಇದನ್ನೇ ಕೂಗಿ ಬಂದರೆ ನಡಾವಳಿ ಪುಸ್ತಕದಲ್ಲಿ ‘ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಯಿತು’ ಅಂತ ಒಂದು ಸಾಲು ಬೀಳುತ್ತದೆ, ಮುಗೀತು.

ಆ ಒಂದು ಸಾಲಿಗಿಂತ ಜಾಸ್ತಿ ಬರೆಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಬೆಂಗಳೂರಿನವರು ಇಂಥ ವಿಷಯ ಬೇಕಾದಷ್ಟು ಬರೆದಿದ್ದಾರೆ, ಚೆನ್ನಾಗಿಯೂ ಬರೆದಿದ್ದಾರೆ, ನಮಗೆ ಅದು ಅರ್ಧ ಮಾತ್ರ ಉಪಯೋಗ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ರಸ್ತೆ ಅಂದರೆ ಏರು, ಇಲ್ಲಾ ಇಳಿಜಾರು. ಎಷ್ಟೋ ಮನೆಗಳಿಗೆ ಗಾಡಿ ಹೋಗುವುದೇ ಇಲ್ಲ. ಇದರ ಮೇಲೆ ಶನಿವಾರ ಭಾನುವಾರ ಊರು ತುಂಬ ಪ್ರವಾಸಿಗರು. ಅದಕ್ಕೇ ನನ್ನ ತಕರಾರು ಮೊದಲೇ ಹೇಳಿಬಿಡುತ್ತೇನೆ: ಯಾವ ಪದ್ಧತಿ ತಂದರೂ ಅದನ್ನು ಜುಲೈ ತಿಂಗಳಲ್ಲಿಟ್ಟು ನೋಡಿ. ಫೆಬ್ರವರಿಯಲ್ಲಿ ಎಲ್ಲಾ ಪದ್ಧತಿಯೂ ಚೆನ್ನಾಗಿಯೇ ನಡೆಯುತ್ತದೆ.

ಕಾನೂನು ಸ್ವಲ್ಪ ಗೊತ್ತಿರಲಿ

ಜಾಸ್ತಿ ಬೇಡ, ವಾದ ಮಾಡಿ ಪ್ರಯೋಜನ ಇಲ್ಲದ ಕಡೆ ಬಾಯಿ ನೋಯಿಸಿಕೊಳ್ಳದಿರುವಷ್ಟು ಸಾಕು. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ಮೂರು ಭಾಗ ಮಾಡಬೇಕು ಅಂದವು: ಹಸಿ, ಒಣ, ಅಪಾಯಕಾರಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ನಿಯಮಗಳಲ್ಲಿ ಅದು ನಾಲ್ಕಾಗಿದೆ. ಹಸಿ, ಒಣ, ಪ್ಯಾಡು ಡೈಪರ್‌ನಂಥ ಸ್ಯಾನಿಟರಿ ಕಸ, ಮತ್ತೆ ಪೇಂಟ್ ಡಬ್ಬಿ, ಬಲ್ಬು, ಹಳೇ ಮಾತ್ರೆ, ಥರ್ಮಾಮೀಟರ್‌ನಂಥವು. ಹಾಗಾಗಿ ‘ನಾವು ಬೇರೆ ಮಾಡಿ ಕೊಡಲ್ಲ’ ಅನ್ನುವ ವಾದ ನಿಲ್ಲುವುದಿಲ್ಲ. ಶುಲ್ಕದ್ದೂ ಅದೇ ಕಥೆ. ಮನೆಯವರಿಂದ ಬಳಕೆದಾರರ ಶುಲ್ಕ ತೆಗೆದುಕೊಳ್ಳಲು 2016ರ ನಿಯಮವೇ ಸ್ಥಳೀಯ ಸಂಸ್ಥೆಗಳಿಗೆ ದಾರಿ ಮಾಡಿತ್ತು, ಬೆಂಗಳೂರಿನಲ್ಲಂತೂ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಸೇರಿಸಿಬಿಟ್ಟಿದ್ದಾರೆ. ಶುಲ್ಕ ಬೇಡವೇ ಬೇಡ ಅಂತ ಕೂತರೆ ಸೋಲುತ್ತೀರಿ. ಯಾರಿಗೆ ಎಷ್ಟು, ಗಾಡಿ ಬರದ ವಾರಕ್ಕೆ ಏನು ಅಂತ ಕೇಳಿದರೆ ಗೆಲ್ಲುವ ಅವಕಾಶ ಇದೆ.

ಇಲ್ಲಿ ನಮ್ಮ ಕಡೆಯ ದೊಡ್ಡ ಪ್ರಶ್ನೆ ಹೋಂಸ್ಟೇ. ನಾಲ್ಕು ಕೋಣೆ ಬಾಡಿಗೆಗೆ ಬಿಟ್ಟು ವಾರಕ್ಕೊಮ್ಮೆ ಮೂಟೆಗಟ್ಟಲೆ ನೀರಿನ ಬಾಟಲಿ, ತಟ್ಟೆ, ಲೋಟ ಹೊರಗಿಡುವ ಮನೆಗೂ, ಇಬ್ಬರು ವಯಸ್ಸಾದವರು ಮಾತ್ರ ಇರುವ ಮನೆಗೂ ಒಂದೇ ದರ ಅಂದರೆ ಅದು ನ್ಯಾಯ ಅಲ್ಲ. ಹೋಂಸ್ಟೇಗೆ ಬೇರೆ ದರ, ಹೋಟೆಲ್‌ಗೆ ಬೇರೆ ದರ ಅಂತ ಬೈಲಾದಲ್ಲೇ, ಅಂದರೆ ಸ್ಥಳೀಯ ಸಂಸ್ಥೆಯ ಉಪನಿಯಮದಲ್ಲೇ ಬರೆಸಿ. ಹೋಂಸ್ಟೇ ನಡೆಸುವ ನನ್ನ ಸ್ನೇಹಿತರಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು. ಆದರೆ ಸೋಮವಾರದ ಗಾಡಿ ತುಂಬುವುದು ಯಾರ ಕಸದಿಂದ ಅಂತ ಅವರಿಗೂ ಗೊತ್ತಲ್ವಾ.

ಮದುವೆ, ನಾಮಕರಣ, ಗೃಹಪ್ರವೇಶಕ್ಕೂ ಒಂದು ನಿಯಮ ಇದೆ. ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ ಮಾಡಿದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು ಅಂತ 2016ರಲ್ಲೇ ಬರೆದಿದ್ದಾರೆ. ನಮ್ಮಲ್ಲಿ ನೂರು ಜನ ಅಂದರೆ ಮದುವೆಯೇ ಅಲ್ಲ, ಆ ಮಾತು ಬೇರೆ.

ಮನೆ ಕಸ ತೂಗಿ, ಬೀದಿ ನಕ್ಷೆ ಬರೆಯಿರಿ

ನಗಬೇಡಿ. ಸಭೆಗೆ ಒಂದು ವಾರ ಇದೆ ಅನ್ನುವಾಗ ತೂಗಲು ಶುರು ಮಾಡಿ. ಕಾಳುಮೆಣಸು ತೂಗುವ ಕೊಕ್ಕೆ ತಕ್ಕಡಿ ಎಷ್ಟೋ ಮನೆಗಳಲ್ಲಿ ಬಾಗಿಲ ಹಿಂದೆ ಸುಮ್ನೆ ನೇತಾಡುತ್ತಿರುತ್ತದೆ, ಅದೇ ಸಾಕು. ಹಸಿ ಕಸ ಬಕೆಟ್ಟಿಗೆ, ಒಣ ಕಸ ಚೀಲಕ್ಕೆ. ದಿನಾ ಒಂದೇ ಹೊತ್ತಿಗೆ ತೂಗಿ ಗೋಡೆ ಕ್ಯಾಲೆಂಡರ್‌ನಲ್ಲಿ ಆ ತಾರೀಖಿನ ಚೌಕದೊಳಗೆ ಬರೆದುಬಿಡಿ. ಬಕೆಟ್ಟಿನ ತೂಕ ಕಳೆಯಲು ಮರೆಯಬೇಡಿ. ಸಣ್ಣ ಪಟ್ಟಣಗಳಲ್ಲಿ ತಲೆಗೆ ದಿನಕ್ಕೆ 200ರಿಂದ 400 ಗ್ರಾಂ ಕಸ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ, ಅದರಲ್ಲಿ ಅರ್ಧದಷ್ಟು ಅಥವಾ ಇನ್ನೂ ಜಾಸ್ತಿ ಹಸಿ. ಹಲಸಿನ ಕಾಲದಲ್ಲಿ ಈ ಲೆಕ್ಕ ತಲೆಕೆಳಗು. ಒಂದು ಹಣ್ಣು ಬಿಡಿಸಿದರೆ ತೊಳೆ ಒಂದು ಪಾತ್ರೆ, ಸಿಪ್ಪೆ ಮತ್ತೆ ಗೂಂಜು ಒಂದು ಮಂಕರಿ. ದನ ಇದ್ದ ಮನೆಯಲ್ಲಿ ಅದು ಕಸವೇ ಅಲ್ಲ, ಪೇಟೆ ಮನೆಯಲ್ಲಿ ಇಡೀ ವಾರದ ಕಸ.

ತೂಕ ಯಾಕೆ ಬೇಕು ಅಂದರೆ, ವಾರಕ್ಕೆ ಎರಡು ಸಲ ಗಾಡಿ ಸಾಕು ಅಂತ ಮೇಜಿನ ಆಚೆ ಕೂತವರು ಹೇಳಿದಾಗ ನಿಮ್ಮ ಹತ್ತಿರ ಅಂಕಿ ಇರಬೇಕು. ಅಕ್ಕಪಕ್ಕದ ಹತ್ತು ಮನೆಯವರು ಹೀಗೆ ಬರೆದಿಟ್ಟು ಒಂದೇ ಹಾಳೆಯಲ್ಲಿ ಕೂಡಿಸಿ ಕೊಟ್ಟರೆ ಅದನ್ನು ಪಕ್ಕಕ್ಕೆ ಸರಿಸುವುದು ಅಷ್ಟು ಸುಲಭ ಅಲ್ಲ. ಒಣ ಕಸ ವಾರಕ್ಕೊಮ್ಮೆ ತೆಗೆದುಕೊಂಡು ಹೋದರೂ ತೊಂದರೆ ಇಲ್ಲ ಅಂತ ನಿಮ್ಮ ಅಂಕಿಯೇ ಹೇಳಬಹುದು, ಹಸಿಗೆ ಮಾತ್ರ ದಿನಾ ಬೇಕು ಅಂತಲೂ ಹೇಳಬಹುದು. ಎರಡನ್ನೂ ಒಪ್ಪಿಕೊಳ್ಳಿ. ಎಲ್ಲಾ ದಿನಾ ಬೇಕು ಅಂತ ಹಟ ಹಿಡಿದರೆ ಏನೂ ಸಿಗುವುದಿಲ್ಲ.

ಆಮೇಲೆ ನಕ್ಷೆ. ನೋಟ್‌ಬುಕ್ಕಿನ ಹಾಳೆಯಲ್ಲಿ ನಿಮ್ಮ ಬೀದಿ ಬರೆಯಿರಿ, ಗಾಡಿ ಎಲ್ಲಿ ತನಕ ಬರುತ್ತದೆ ಅಂತ ಗುರುತು ಹಾಕಿ. ಅಲ್ಲಿಂದ ಮೆಟ್ಟಿಲು ಇಳಿದು ಹೋಗುವ ಮನೆಗಳು ಎಷ್ಟು, ಅದರಲ್ಲಿ ಕಸದ ಬಕೆಟ್ ಎತ್ತಿಕೊಂಡು ಹತ್ತಲಾಗದ ವಯಸ್ಸಾದವರು ಎಷ್ಟು ಮನೆಯಲ್ಲಿ ಇದ್ದಾರೆ, ಬರೆಯಿರಿ. ಮುಖ್ಯವಾಗಿ ಹೊತ್ತು ಬರೆಯಿರಿ. ತೋಟದ ಕೆಲಸಕ್ಕೆ ಜೀಪ್ ಹತ್ತುವವರು ಬೆಳಿಗ್ಗೆ ಬೇಗ ಮನೆ ಬಿಡುತ್ತಾರೆ, ಗಾಡಿ ಒಂಬತ್ತೂವರೆಗೆ ಬರುತ್ತದೆ. ಅವರ ಕಸ ಯಾರು ಕೊಡಬೇಕು? ಯಾರೂ ಇಲ್ಲ, ಅದಕ್ಕೇ ಸಂಜೆ ಕತ್ತಲಲ್ಲಿ ಸೇತುವೆ ಹತ್ತಿರ ಬೀಳುತ್ತದೆ. ಮಾರನೇ ದಿನ ನಾವು ಫೋಟೊ ತೆಗೆದು ‘ಜನಕ್ಕೆ ಬುದ್ಧಿ ಇಲ್ಲ’ ಅಂತ ಹಾಕುತ್ತೇವೆ. ಬುದ್ಧಿ ಇದೆ ಸ್ವಾಮಿ, ಗಾಡಿ ಇಲ್ಲ. ಸಂಜೆ ಒಂದು ಟ್ರಿಪ್ ಇಡಿ, ಅಥವಾ ಬೀಗ ಹಾಕಿದ ಮನೆಯ ಗೇಟಿನ ಕೊಕ್ಕೆಯಲ್ಲಿ ಮುಚ್ಚಳ ಇರುವ ಬಕೆಟ್ ನೇತುಹಾಕಿದರೆ ಎತ್ತಿಕೊಳ್ಳಬೇಕು ಅಂತ ಬರೆಸಿ. ತೊಟ್ಟಿ ತೆಗೆಯುವುದು ತಪ್ಪು ಅಂತ ನಾನು ಹೇಳುವುದಿಲ್ಲ. ತೊಟ್ಟಿ ಇದ್ದಲ್ಲಿ ನಾಯಿ, ಮಂಗ, ಊರಂಚಿನಲ್ಲಿ ಕಾಡುಹಂದಿ. ಆದರೆ ಗಾಡಿ ಎಲ್ಲಾ ಮನೆಗೂ ಸರಿಯಾಗಿ ಬರುತ್ತಿದೆ ಅಂತ ಖಾತ್ರಿಯಾದ ಮೇಲೆ ತೆಗೆಯಲಿ.

ಗುತ್ತಿಗೆಯ ಲೆಕ್ಕ ಕೇಳಿ

ಸಭೆಯಲ್ಲಿ ಒಂದೇ ಪ್ರಶ್ನೆಗೆ ಸಮಯ ಸಿಕ್ಕಿದರೆ ಇದನ್ನು ಕೇಳಿ: ಕಸ ಎತ್ತುವವರಿಗೆ ದುಡ್ಡು ಯಾವ ಲೆಕ್ಕದಲ್ಲಿ ಕೊಡುತ್ತೀರಿ, ಟನ್ನಿಗೋ, ಮನೆಗೋ?

ಟನ್ ಲೆಕ್ಕದಲ್ಲಿ ಕೊಟ್ಟರೆ ಏನಾಗುತ್ತದೆ ನೋಡಿ. ಕಸ ಕಮ್ಮಿಯಾದರೆ ಗುತ್ತಿಗೆದಾರನಿಗೆ ನಷ್ಟ. ನೀವು ಮನೆಯಲ್ಲೇ ಗೊಬ್ಬರ ಮಾಡಿದರೆ ನಷ್ಟ, ಗುಜರಿಯವನಿಗೆ ಪೇಪರ್ ಕೊಟ್ಟರೆ ನಷ್ಟ. ಹಸಿ ಒಣ ಒಟ್ಟಿಗೆ ಹಾಕಿ, ಚರಂಡಿ ಮಣ್ಣೂ ಸೇರಿಸಿ ತೂಗಿದರೆ ಲಾಭ. ಈಗ ಇದಕ್ಕೆ ನಮ್ಮ ಮಳೆ ಸೇರಿಸಿ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ತೆರೆದ ಟ್ರಾಲಿಯಲ್ಲಿ ಊರು ಸುತ್ತಿ ಬಂದ ಕಸ, ಗಾಡಿ ತೂಗುವ ವೇಬ್ರಿಡ್ಜ್ ಹತ್ತುವಾಗ ಎಷ್ಟು ನೀರು ಕುಡಿದಿರುತ್ತದೆ? ರಟ್ಟಿನ ಪೆಟ್ಟಿಗೆ ಒಂದನ್ನು ಅಂಗಳದಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಎತ್ತಿ ನೋಡಿ, ಗೊತ್ತಾಗುತ್ತದೆ. ಆ ನೀರಿಗೂ ಊರಿನ ದುಡ್ಡು. ಅಷ್ಟೇ ಅಲ್ಲ, ಒಂದು ಸಲ ನೆನೆದ ರಟ್ಟು, ಪೇಪರ್‌ಗೆ ಆಮೇಲೆ ಬೆಲೆಯೂ ಬರುವುದಿಲ್ಲ, ಹಾಗಾಗಿ ಅದೂ ರಾಶಿಗೇ ಹೋಗುತ್ತದೆ.

ಮನೆ ಲೆಕ್ಕದಲ್ಲಿ ಕೊಟ್ಟರೆ ಬೇರೆ ತಾಪತ್ರಯ: ಹೋಗದ ಮನೆಗೂ ಹೋದೆ ಅಂತ ಬರೆಯಬಹುದು. ಅದಕ್ಕೆ ಮದ್ದು ಸುಲಭ, ಮನೆಯವರ ಕಾರ್ಡಿಗೆ ಸಹಿ ಅಥವಾ ಗೇಟಿಗೆ ಅಂಟಿಸಿದ ಕೋಡ್ ಮೊಬೈಲಿನಲ್ಲಿ ಸ್ಕ್ಯಾನ್. ಮಳೆಯಲ್ಲಿ ಮೊಬೈಲ್ ಸ್ಕ್ಯಾನ್ ಆಗಲ್ಲ ಅಂತ ಹೇಳುತ್ತಾರೆ, ಆ ಮಾತು ನಿಜವೇ. ಹಾಗಾದರೆ ಕಾರ್ಡ್ ಇರಲಿ. ನನ್ನ ಕೇಳಿದರೆ ಮನೆ ಲೆಕ್ಕವೇ ವಾಸಿ. ಗಾಡಿಗೆ ಮುಚ್ಚಳ ಇರಬೇಕು, ಹಸಿ ಒಣ ಬೇರೆ ಖಾನೆ ಇರಬೇಕು, ಮಿಶ್ರ ಮಾಡಿದರೆ ದಂಡ ಗುತ್ತಿಗೆದಾರನಿಗೂ ಬೀಳಬೇಕು. ಮನೆಯವರಿಗೆ ಮಾತ್ರ ದಂಡ ಹಾಕುವ ಪದ್ಧತಿ ಎಲ್ಲೂ ಉಳಿಯುವುದಿಲ್ಲ. ಕಷ್ಟಪಟ್ಟು ಬೇರೆ ಮಾಡಿಟ್ಟ ಎರಡು ಬಕೆಟ್ ಕಣ್ಣೆದುರೇ ಒಂದೇ ಗಾಡಿಯಲ್ಲಿ ಸುರಿದದ್ದನ್ನು ನೋಡಿದವರು ಮಾರನೇ ದಿನದಿಂದ ಒಂದೇ ಬಕೆಟ್ ಇಡುತ್ತಾರೆ. ಯಾರನ್ನು ಬೈಯೋಣ?

ಗುತ್ತಿಗೆದಾರರೇ ಬೇಕು ಅಂತಲೂ ಇಲ್ಲ. ಪುಣೆಯಲ್ಲಿ ಕಸ ಆಯುವವರದ್ದೇ ಸಹಕಾರ ಸಂಘ, ಸ್ವಚ್ಛ ಅಂತ, ವರ್ಷಗಳಿಂದ ಮನೆ ಮನೆ ಕಸ ಎತ್ತುತ್ತಿದೆ. ಪಕ್ಕದ ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಗೆ ಬಂದು ಒಣ ಕಸ, ಅದೂ ತೊಳೆದು ಒಣಗಿಸಿದ್ದು ಮಾತ್ರ, ತಿಂಗಳ ಶುಲ್ಕದ ಜೊತೆ ತೆಗೆದುಕೊಂಡು ಹೋಗುತ್ತಾರೆ. ಹಸಿ ಕಸ ಆದಷ್ಟು ಮನೆಯಲ್ಲೇ ಕರಗಬೇಕು ಅನ್ನುವುದು ಅಲ್ಲಿಯ ಲೆಕ್ಕ. ಮಳೆ ಅಲ್ಲೂ ಕಮ್ಮಿ ಇಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲೂ ಸ್ವಚ್ಛ ವಾಹಿನಿ ಗಾಡಿ, ಸಂಜೀವಿನಿ ಒಕ್ಕೂಟದ ಹೆಂಗಸರು ನಡೆಸುವ ಒಣ ಕಸದ ಘಟಕ ಅನ್ನುವ ಪದ್ಧತಿ ಬಂದಿದೆ. ನೀವು ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇಲ್ಲಿ ಬರೆದದ್ದನ್ನೆಲ್ಲ ಗ್ರಾಮಸಭೆಯಲ್ಲಿ ಪಿಡಿಒ ಮುಂದೆ ಕೇಳಿ.

ಎತ್ತುವವರ ಬಗ್ಗೆಯೂ ಒಂದು ಸಾಲು ಬರೆಸಿ. ರೇನ್‌ಕೋಟ್, ಗಮ್‌ಬೂಟ್, ಗ್ಲೌಸ್ ಮೇ ತಿಂಗಳು ಮುಗಿಯುವ ಮುಂಚೆ ಕೊಡಬೇಕು ಅಂತ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನ ಮಾಡಿ ಶಾಲು ಹೊದಿಸುತ್ತೇವೆ, ಅಷ್ಟರಲ್ಲಿ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ.

ಗಾಡಿ ಹೋದ ಮೇಲೆ ಕಸ ಎಲ್ಲಿಗೆ?

ಊರಾಚೆ ಹೋದರೆ ಮುಗೀತು ಅನ್ನುವವರಿಗೆ ಮಂಡೂರು ನೆನಪಿಸಿ. ಬೆಂಗಳೂರಿನ ಕಸ ವರ್ಷಗಟ್ಟಲೆ ಆ ಹಳ್ಳಿಗೆ ಹೋಗಿ ಬಿತ್ತು, ಜನ ರಸ್ತೆಗಿಳಿದ ಮೇಲೆ 2014ರ ಕೊನೆಗೆ ನಿಂತಿತು. ಅದಾದ ಮೇಲೆಯೇ ಬೆಂಗಳೂರಿನಲ್ಲಿ ಎರಡು ಡಬ್ಬಿ ಒಂದು ಚೀಲದ ಪದ್ಧತಿಗೆ (ಹಸಿಗೊಂದು, ಸ್ಯಾನಿಟರಿಯಂಥದ್ದಕ್ಕೊಂದು ಡಬ್ಬಿ, ಒಣ ಕಸಕ್ಕೆ ಚೀಲ) ಬಿಗಿ ಬಂದದ್ದು. ನಮ್ಮದು ಇನ್ನೂ ಕಷ್ಟ, ಯಾಕಂದರೆ ನಮ್ಮಲ್ಲಿ ಸಮತಟ್ಟು ಜಾಗವೇ ಇಲ್ಲ. ಗುಡ್ಡದ ಮೇಲೆ ಸುರಿದದ್ದರ ನೀರು ಕೆಳಗಿನ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯುತ್ತದೆ. ಮಡಿಕೇರಿಯವರಿಗೆ ಊರ ಕಸ ಸುರಿಯುವ ಸ್ಟೋನ್‌ಹಿಲ್ ಗುಡ್ಡದ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಕಂಡವರಿಗೆ ಇಳಿಜಾರಿನಲ್ಲಿ ಏನನ್ನಾದರೂ ಪೇರಿಸುವುದು ಅಂದರೆ ಏನು ಅಂತಲೂ ಹೇಳಬೇಕಾಗಿಲ್ಲ.

ಹಾಗಾಗಿ ನೇರವಾಗಿ ಕೇಳಿ: ಹಸಿ ಕಸ ಯಾವ ಜಾಗಕ್ಕೆ ಹೋಗುತ್ತದೆ, ಅಲ್ಲಿ ಮೇಲೆ ಶೀಟ್ ಹಾಕಿದ ಶೆಡ್ ಇದೆಯಾ, ಕಸದಿಂದ ಇಳಿಯುವ ಕಪ್ಪು ನೀರಿಗೆ ಟ್ಯಾಂಕ್ ಇದೆಯಾ, ಕೆಳಗೆ ಯಾವ ತೋಡು? ಶೆಡ್ ಇಲ್ಲದ ಗೊಬ್ಬರದ ಗುಂಡಿ ಜುಲೈನಲ್ಲಿ ಗೊಬ್ಬರ ಆಗುವುದಿಲ್ಲ, ಕೊಳೆಯುತ್ತದೆ. ಪ್ರಾಯೋಗಿಕವಾಗಿ ಎರಡು ವಾರ್ಡಿನಲ್ಲಿ ಮಾಡಿ ನೋಡುತ್ತೇವೆ ಅಂದರೆ ತಕ್ಷಣ ಒಪ್ಪಿಕೊಳ್ಳಿ, ಒಂದು ಷರತ್ತು ಹಾಕಿ: ಒಂದು ವಾರ್ಡ್ ಇಳಿಜಾರಿನದ್ದಾಗಿರಬೇಕು, ಪ್ರಯೋಗದೊಳಗೆ ಜುಲೈ ತಿಂಗಳು ಬರಬೇಕು. ದಸರಾ ವಾರವೂ ಬಂದರೆ ಇನ್ನೂ ಒಳ್ಳೆಯದು. ಮಡಿಕೇರಿ ದಸರಾದ ದಶಮಂಟಪಗಳ ರಾತ್ರಿ ಮೆರವಣಿಗೆ ನೋಡಲು ಬಂದವರು ಬಿಟ್ಟು ಹೋಗುವುದನ್ನು ಬೆಳಿಗ್ಗೆಯೊಳಗೆ ಎತ್ತಿದ ಪದ್ಧತಿ ಉಳಿದ ದಿನ ತಾನಾಗಿ ನಡೆಯುತ್ತದೆ.

ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದು ಕೊಡಿ

ಸಭೆಯಲ್ಲಿ ಎರಡು ನಿಮಿಷ ಸಿಗುತ್ತದೆ, ಅದೂ ಸಿಕ್ಕಿದರೆ. ಅದಕ್ಕೇ ಎರಡು ಪ್ರತಿ ಮಾಡಿಕೊಂಡು ಹೋಗಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನಗರಸಭೆ ಆದರೆ ಪೌರಾಯುಕ್ತರಿಗೆ, ಪುರಸಭೆ, ಪಟ್ಟಣ ಪಂಚಾಯಿತಿ ಆದರೆ ಮುಖ್ಯಾಧಿಕಾರಿಗೆ. ವಾರ್ಡ್ ಸದಸ್ಯರಿಗೂ ಒಂದು ಪ್ರತಿ ಕೊಟ್ಟು ಸಾಮಾನ್ಯ ಸಭೆಯಲ್ಲಿ ಎತ್ತಿ ಅಂತ ಕೇಳಿ. ಕರಡು ಬೈಲಾ ಪ್ರಕಟವಾಗಿದ್ದರೆ ಆಕ್ಷೇಪಣೆಗೆ ಕೊನೆ ದಿನ ಅದರಲ್ಲೇ ಇರುತ್ತದೆ, ಆ ದಿನ ದಾಟಿದರೆ ನಿಮ್ಮ ಮಾತಿಗೆ ಬೆಲೆ ಅರ್ಧ. ಹೀಗೆ ಬರೆಯಬಹುದು:

‘ವಿಷಯ: ಮನೆ ಕಸ ಸಂಗ್ರಹಣೆಯ ಹೊಸ ಪದ್ಧತಿಗೆ ಸಲಹೆ ಮತ್ತು ಆಕ್ಷೇಪಣೆ. ನಮ್ಮ ಬೀದಿಯ ಇಷ್ಟು ಮನೆಗಳ ಒಂದು ವಾರದ ಕಸದ ತೂಕ ಲಗತ್ತಿಸಿದ್ದೇವೆ. ಗಾಡಿ ತಲುಪದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದ್ದೇವೆ. ಅವರಿಗೆ ಕೈಗಾಡಿ ಅಥವಾ ನಿಗದಿತ ಹೊತ್ತಿನ ಸಂಗ್ರಹ ಸ್ಥಳ ಒದಗಿಸಬೇಕು. ಪಾವತಿ ತೂಕದ ಬದಲು ಮನೆಗಳ ಲೆಕ್ಕದಲ್ಲಿ ಇರಬೇಕು. ಹೋಂಸ್ಟೇಗಳಿಗೆ ಪ್ರತ್ಯೇಕ ದರ ಇರಬೇಕು. ಮಳೆಗಾಲವೂ ಸೇರಿದ ಪ್ರಯೋಗದ ನಂತರವೇ ಇಡೀ ಊರಿಗೆ ಜಾರಿ ಮಾಡಬೇಕು. ಈ ಅರ್ಜಿಯನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇವೆ.’

ಕೊನೆಯ ವಾಕ್ಯ ಬಿಡಬೇಡಿ. ಬೈಗುಳ, ವ್ಯಂಗ್ಯ ಏನೂ ಬೇಡ, ಅದಕ್ಕೆ ವಾಟ್ಸಾಪ್ ಇದೆ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ, ಗುತ್ತಿಗೆ ಕರಾರಿನ ಪ್ರತಿ ಮತ್ತು ಕಳೆದ ಜೂನ್‌ನಿಂದ ಆಗಸ್ಟ್ ತನಕದ ತೂಕದ ರಸೀದಿಗಳ ಪ್ರತಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಅನ್ನುವ ನಿಯಮ ಇದೆ. ಕಥೆ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಪದ್ಧತಿ ಬಂದೇಬಿಟ್ಟರೆ, ಮಳೆಯಲ್ಲಿ ಮನೆ ಕೆಲಸ

ಗೊಬ್ಬರ ಮಾಡುವವರಿಗೆ ಮಳೆಗಾಲದಲ್ಲಿ ಸಿಗದಿರುವುದು ಒಣಗಿದ ವಸ್ತು. ಮಾರ್ಚ್ ಏಪ್ರಿಲ್‌ನಲ್ಲಿ ತರಗೆಲೆ ಗುಡಿಸಿ ಸುಡುತ್ತೀರಲ್ಲ, ಸುಡಬೇಡಿ, ಅದು ನಿಯಮಕ್ಕೂ ವಿರುದ್ಧ. ಗೋಣಿಯಲ್ಲಿ ತುಳಿದು ತುಂಬಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಇಡಿ. ಕಾಫಿ ಹೊಟ್ಟು, ಸಾಮಿಲ್ಲಿನ ಮರದ ಪುಡಿ ಸಿಕ್ಕಿದರೂ ಆಗುತ್ತದೆ. ಪ್ರತಿ ಸಲ ಹಸಿ ಕಸ ಹಾಕಿದ ಮೇಲೆ ಅಷ್ಟೇ ಎತ್ತರಕ್ಕೆ ಇದನ್ನು ಹಾಕಿದರೆ ನಾತವೂ ಇಲ್ಲ, ಹುಳವೂ ಕಮ್ಮಿ. ಡಬ್ಬಿಯ ಬುಡದಲ್ಲಿ ತೂತು ಇರಬೇಕು, ಮೇಲೆ ಮಳೆ ಬೀಳಬಾರದು. ಅನ್ನ, ಸಾರಿನ ಉಳಿಕೆಯನ್ನು ನೀರು ಬಸಿದು ಹಾಕಿ.

ಹಂದಿ, ಕೋಳಿ ಮೂಳೆ, ಮೀನಿನ ತಲೆ, ಏಡಿ ಚಿಪ್ಪು ಇವನ್ನು ಮನೆ ಗೊಬ್ಬರದ ಡಬ್ಬಿಗೆ ಹಾಕಬೇಡಿ, ರಾತ್ರಿ ನಾಯಿ ಡಬ್ಬಿಯನ್ನೇ ಉರುಳಿಸುತ್ತದೆ. ಗಾಡಿಯ ಹಸಿ ಕಸಕ್ಕೆ ಕೊಡಿ, ಗಾಡಿ ಬರುವ ತನಕ ಮುಚ್ಚಳದ ಡಬ್ಬಿಯಲ್ಲಿ ಸ್ವಲ್ಪ ಮರದ ಪುಡಿ ಉದುರಿಸಿ ಇಟ್ಟಿರಿ. ಫ್ರಿಜ್ಜಿನಲ್ಲಿ ಜಾಗ ಇದ್ದವರು ಕವರ್‌ನಲ್ಲಿ ಕಟ್ಟಿ ಅಲ್ಲೇ ಇಡುತ್ತಾರೆ, ಮನೆಯಲ್ಲಿ ಬೈಯುವವರು ಇಲ್ಲದಿದ್ದರೆ ಅದೂ ಆಗುತ್ತದೆ.

ಹಾಲಿನ ಕವರ್ ತುದಿ ಕತ್ತರಿಸಿ ಬೇರೆ ಮಾಡಬೇಡಿ, ಒಂದೇ ಗೀರು ಹಾಕಿ ತುದಿ ಅಂಟಿಕೊಂಡೇ ಇರಲಿ. ಆ ಸಣ್ಣ ತುಂಡುಗಳನ್ನು ಆರಿಸಲು ಯಾರಿಂದಲೂ ಆಗುವುದಿಲ್ಲ. ತೊಳೆದು ಒಲೆ ಮೇಲಿನ ತಂತಿಗೆ ಕ್ಲಿಪ್ ಹಾಕಿ ಒಣಗಿಸಿ, ಬಿಸಿಲಿಗೆ ಕಾಯುತ್ತಾ ಕೂತರೆ ಸೆಪ್ಟೆಂಬರ್ ಬರುತ್ತದೆ. ಪ್ಯಾಡ್, ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪ ಗುರುತು ಹಾಕಿ ಬೇರೆಯೇ ಕೊಡಿ. ಬಾಟಲಿಗಳ ಬಗ್ಗೆ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಗುಜರಿಯವನ ಫೋನ್ ನಂಬರ್ ಎಲ್ಲರ ಹತ್ತಿರವೂ ಇದೆ. ಒಡೆದ ಗಾಜನ್ನು ಮಾತ್ರ ದಪ್ಪ ರಟ್ಟಿನಲ್ಲಿ ಸುತ್ತಿ, ಮೇಲೆ ‘ಗಾಜು’ ಅಂತ ಬರೆದು, ಗಾಡಿಯವರಿಗೆ ಬಾಯಲ್ಲೂ ಹೇಳಿ ಕೊಡಿ.